ಸೋರುವ ಮಾಡು, ಮರೆತ ಉಡಿ

ಮೊಮ್ಮಗಳು ಹುಟ್ಟಿದ ದಿನ ನಾನು ಓಣಿ ತುಂಬ ಸಕ್ಕರಿ ಹಂಚಿದೆ. "ಹೆಣ್ಣು ಹುಟ್ಟಿದ್ದಕ ಇಷ್ಟು ಕುಣೀತಿ, ಗಂಡು ಹುಟ್ಟಿದ್ರ ಹಾರಿ ಹೋಗ್ತಿದ್ದೇನು?" ಅಂತ ನನ್ನ ನೆಗೆಣ್ಣಿ ಕೇಳಿದ್ಲು. ನಮ್ಮ ಭಾವನ ಹೆಂಡತಿ ಆಕಿ, ನನಗಿಂತ ದೊಡ್ಡಾಕಿ, ನಮ್ಮ ಮಹಿಳಾ ಸಂಘದ ಅಧ್ಯಕ್ಷಿಣಿ. ಬಾಯಿ ಹಸಿಮೆಣಸಿನಕಾಯಿ, ಕೈ ಬೆಲ್ಲ. "ಹಾರಾಕ ಈ ಮೊಣಕಾಲು ಬಿಡಬೇಕಲ್ಲಕ್ಕಾ" ಅಂದೆ. ಆ ಕೂಸಿನ ಸುದ್ದಿ ತಗದ್ರ ನನ್ನ ಬಾಯಿ ಇವತ್ತಿಗೂ ನಿಲ್ಲಂಗಿಲ್ಲ. ಮೊದಲ ಹಲ್ಲು ಬಂದಾಗ ಸಂತಿಯೊಳಗ ಬದನಿಕಾಯಿ ಮಾರಾಕಿಗೂ ಹೇಳಿದ್ದೆ. "ಹಲ್ಲು ಎಲ್ಲಾ ಕೂಸಿಗೂ ಬರ್ತಾವ ಯವ್ವಾ, ಬದನಿಕಾಯಿ ಎಷ್ಟು ಹಾಕ್ಲಿ ಹೇಳು" ಅಂದ್ಲು.

ಕೂಸಿಗೆ ವರ್ಷ ತುಂಬೂದರೊಳಗ ಸೊಸಿಗೆ ಸಿಂದಗಿಯೊಳಗ ನರ್ಸಿಂಗ್ ಕಲಿಯಾಕ ಸೀಟು ಸಿಕ್ತು. ಮಗ ಟ್ರ್ಯಾಕ್ಟರ್ ಹೊಡಿತಾನ, ನಾನು ಕಳೆ ತಗಿಯಾಕ ಕೂಲಿಗಿ ಹೋಗ್ತೇನಿ. ಕೂಸನ್ನ ಯಾರು ನೋಡಬೇಕು? ನಮ್ಮ ಸಂಘದ್ದೊಂದು ಕೋಲಿ ಐತಿ. ಮೊದಲು ಅದು ಹತ್ತಿ ಗೋದಾಮು ಇತ್ತು. ಪಂಚಾಯ್ತಿಯವರು ನಮಗ ಬಿಟ್ಟು ಕೊಟ್ಟಾರ. ಹೊಲಕ್ಕ ಹೋಗುವ ತಾಯಂದಿರು ಮುಂಜಾನೆ ಮಕ್ಕಳನ್ನ ಅಲ್ಲಿ ಬಿಟ್ಟು ಹೋಗ್ತಾರ, ಆಯಿಗಳು ನಾವು ಪಾಳಿ ಮ್ಯಾಲ ನೋಡ್ಕೊಂತೇವಿ. ಮೊದಲಿನ ಕಾಲದಾಗ ನಾವು ನಮ್ಮ ಮಕ್ಕಳನ್ನ ಬದುವಿನ ಮ್ಯಾಲ ಜೋಳಿಗ್ಯಾಗ ಮಲಗಿಸಿ, ಒಂದು ಕಣ್ಣು ಕಳೆ ಮ್ಯಾಲ, ಒಂದು ಕಣ್ಣು ಹಾವು ಚೇಳಿನ ಮ್ಯಾಲ ಇಟ್ಟು ದುಡದವರು. ಆ ಚಿಂತಿ ನಮ್ಮ ಸೊಸ್ಯಾರಿಗಿ ಬ್ಯಾಡ ಅಂತನ ಆ ಕೋಲಿ ಮಾಡಿದ್ದು.

ಆದ್ರ ಅದರ ಮಾಡು ತಗಡಿಂದು, ತಗಡು ಜರಡಿ. ಹ್ವಾದ ಮಳೆಗಾಲದಾಗ ಬೆಕ್ಕು ಮರಿ ಹೊತ್ತು ತಿರುಗಿದಂಗ ನಾವು ಮಕ್ಕಳನ್ನ ಎತ್ಕೊಂಡು ಈ ಮೂಲಿಯಿಂದ ಆ ಮೂಲಿಗಿ ತಿರುಗಿದಿವಿ. ಪಂಚಾಯ್ತಿಯವರು ಬಂದು ನೋಡಿ, "ಮಳಿ ಹಿಡಿಯೂದರೊಳಗ ಹೊಸಾ ತಗಡು ಹಾಕ್ರಿ, ಇಲ್ಲಾಂದ್ರ ಕೀಲಿ ಹಾಕ್ತೇವಿ" ಅಂದ್ರು. ಅವರದೂ ತಪ್ಪಲ್ಲ. ಮಕ್ಕಳ ಮ್ಯಾಲ ತಗಡು ಬಿದ್ರ ಯಾರು ಹೊಣಿ?

ಅವತ್ತು ಸಂಜೀಕ ಸೊಸಿ ರೊಟ್ಟಿ ಬಡಕೋತ, ತಲಿ ಎತ್ತದ, "ಕೋಲಿ ಮುಚ್ಚಿದ್ರ ನಾ ಕಾಲೇಜು ಬಿಡ್ತೇನ್ರಿ ಅತ್ತಿ" ಅಂದ್ಲು. ಅಳಲಿಲ್ಲ. ಅತ್ತಿದ್ರ ಸಮಾಧಾನ ಮಾಡಬಹುದಿತ್ತು. ಅವತ್ತಿನ ರೊಟ್ಟಿ ಮಾತ್ರ ಎಲ್ಲಾ ದಪ್ಪ ಆಗಿದ್ವು.

ಹಿಂಗಾಗಿ ನಾನು, ನೆಗೆಣ್ಣಿ ರೊಕ್ಕ ಹುಡುಕಾಕ ಹೊಂಟಿವಿ. ಸಿಂದಗಿ ಬ್ಯಾಂಕಿನ್ಯಾಗ, "ಎಮ್ಮಿ ತಗೋತೀರಿ ಅಂದ್ರ ಸಾಲ ಕೊಡ್ತೇವಿ. ಎಮ್ಮಿ ಹಾಲು ಕೊಡತೈತಿ, ನಿಮ್ಮ ಕೋಲಿ ಏನು ಕೊಡತೈತಿ?" ಅಂದ್ರು. ನೆಗೆಣ್ಣಿ, "ಒಳಗ ಇಪ್ಪತ್ತು ಕೂಸು ಅದಾವ್ರಿ, ಎಮ್ಮಿಗಿಂತ ಜೋರು ಒದರತಾವ" ಅಂದ್ಲು. ಸಾಹೇಬರು ನಕ್ರು, ಸಾಲ ಕೊಡಲಿಲ್ಲ. ಇಂಡಿಯೊಳಗ ಒಬ್ಬ ಧನಿಕರು ಗುಡಿ ಕಟ್ಟಾಕ ಕೈಬಿಚ್ಚಿ ಕೊಡ್ತಾರಂತ ಕೇಳಿ ಹೋದಿವಿ. ಅವರು ಗುಡಿಗಷ್ಟ ಕೊಡ್ತಿದ್ರು. ಮುದ್ದೇಬಿಹಾಳದ ಸೊಸಾಯಿಟಿಯವರು ಮನಸು ಮಾಡಿದ್ರು, ಆದ್ರ ಅವರು ಕೊಡೂದು ಫ್ಯಾನು ತೊಟ್ಟಿಲಕ್ಕ ಸಾಲತಿತ್ತು, ಮಾಡಿಗಿ ಸಾಲತಿರಲಿಲ್ಲ. ಕಡೀಕ ಬಸವನ ಬಾಗೇವಾಡಿಯೊಳಗ ಒಂದು ಸಭಾ ಆತು. ದೊಡ್ಡ ಊರಿನ ಒಂದು ಸಂಸ್ಥಾದವರು ಬಂದು, ಇಂಥಾ ಕೆಲಸಕ್ಕ ತಿರುಗಿ ಕೊಡದಂಥಾ ರೊಕ್ಕ, ಅಂದ್ರ ಅನುದಾನ, ಕೊಡ್ತೇವಿ ಅಂದ್ರು. ನಾವೂ ಅರ್ಜಿ ಹಾಕಿದಿವಿ. ಒಬ್ಬ ಮೇಡಂ ನೋಡಾಕ ಬರ್ತಾರಂತ ಫೋನು ಬಂತು.

ಆ ಸಭಾದಿಂದ ಬಸ್ಸಿನ್ಯಾಗ ಬರೂವಾಗ ನನಗೊಂದು ವಿಚಾರ ಬಂದಿತ್ತು. ಸಾಲ ಕೇಳೂದು ಹಗುರ. ತೀರಸ್ತೇನಿ ಅಂತ ಎದಿ ಎತ್ತಿ ನಿಲ್ಲಬಹುದು. ಅನುದಾನ ಕೇಳೂದಂದ್ರ ನಮ್ಮ ಹರಕು ತಗದು ತೋರಿಸಬೇಕು. ನಮ್ಮ ಕಡೆ ಉಣಸೂದು ಎಲ್ಲರಿಗೂ ಬರತೈತಿ. ಇಲ್ಲ ಅಂತ ಹೇಳೂದು ಯಾರಿಗೂ ಬರಂಗಿಲ್ಲ. ಮನ್ಯಾಗ ಹಿಟ್ಟು ತೀರಿದ್ರೂ, ಬಂದವರ ಮುಂದ "ಈಗಽ ಉಂಡೇವ್ರಿ" ಅಂತೇವಿ.

ಮೇಡಂ ಬರುವ ದಿನ ಅದಽ ಆತು. ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲಾರ ಕೈಯೂ ತಾವಽ ಓಡಿದ್ವು. ಒಬ್ಬಾಕಿ ಮದುವಿ ಜಮಖಾನ ತಂದ್ಲು. ಒಬ್ಬಾಕಿ ಮಗಳ ಬಾಣಂತನದ ತೊಟ್ಟಿಲ ತಂದ್ಲು. ಕಿರಾಣಿ ಅಂಗಡಿ ಫ್ಯಾನು ಬಂತು. ಉಳ್ಳಾಗಡ್ಡಿ ರಾಶಿ ಮುಚ್ಚುವ ದೊಡ್ಡ ತಾಡಪತ್ರಿ ಇಸಗೊಂಡು ಬಂದು ತಗಡಿನ ಮ್ಯಾಲ ಎಳದಿವಿ. ಮಕ್ಕಳಿಗಿ ಎಣ್ಣಿ ಹಚ್ಚಿ, ಜಾತ್ರಿ ಅಂಗಿ ಹಾಕಿದಿವಿ. ಮಕ್ಕಳು ಮಲಗುವ ಹಳೇ ಕೌದಿ ಸುತ್ತಿ ಬಾಗಲ ಹಿಂದ ಒತ್ತಿದಿವಿ. ಮೇಡಂಗೆ ಶೇಂಗಾ ಹೋಳಿಗಿ, ಮ್ಯಾಲ ತುಪ್ಪ.

ಆಕಿ ಒಳ್ಳೇ ಹೆಣ್ಣುಮಗಳು. ಎಲ್ಲಾ ತಿರುಗಿ ನೋಡಿದ್ಲು.

"ಮಾಡು ಬಹಳ ಸೋರತೈತಿ ಅಂತ ಅರ್ಜಿಯೊಳಗ ಬರದೀರಲ್ರಿ?"

"ಬಹಳ ಏನಿಲ್ರಿ," ಅಂದ್ಲು ನೆಗೆಣ್ಣಿ, "ಅಲ್ಲೊಂದು ಇಲ್ಲೊಂದು ಹನಿ. ನೀವು ಇನ್ನೊಂದು ಹೋಳಿಗಿ ತಗೋರಿ."

ನಾನು ಆಕಿ ಸೆರಗು ಜಗ್ಗಿದೆ. ಆಕಿ ನನ್ನ ಕೈ ಕೊಡವಿದ್ಲು.

ಮೇಡಂ ಕೈ ತೊಳಕೊಂಡು ಹೇಳಿದ್ಲು, "ನಿಮ್ಮನ್ನ ನೋಡಿ ಬಹಳ ಖುಷಿ ಆತ್ರಿ. ತೊಟ್ಟಿಲ, ಫ್ಯಾನು, ತಾಡಪತ್ರಿ ಎಲ್ಲಾ ಮಾಡ್ಕೊಂಡೀರಿ. ಆದ್ರ ಮಸೂತಿ ಊರಿನ ಕಡೆ ಒಂದು ಸಂಘ ಐತಿ, ಅಲ್ಲಿ ಮಕ್ಕಳು ಬೇವಿನ ಗಿಡದ ಬುಡಕ ಮಲಗತಾವ. ಈ ಸಲ ಅವರಿಗಿ ಕೊಡೂದು ನ್ಯಾಯ. ನೀವಽ ಹೇಳ್ರಿ."

ನಾವೇನು ಹೇಳೂದು? "ಹೌದ್ರಿ, ಅವರಿಗೇ ಕೊಡ್ರಿ" ಅಂದಿವಿ. ಎಲ್ಲಾರೂ ಕೂಡೇ ಅಂದಿವಿ. ಜೀಪು ಹೋತು.

ನನ್ನ ಕಣ್ಣ ಮುಂದ ಸೊಸಿಯ ದಪ್ಪ ರೊಟ್ಟಿ ಬಂದ್ವು. ಅಷ್ಟರೊಳಗ ನೆಗೆಣ್ಣಿ ಎದಿ ಮ್ಯಾಲ ಕೈ ಇಟ್ಕೊಂಡು, "ಅಯ್ಯ ಶಿವನ! ಉಡಿ ತುಂಬೂದು ಮರತಿವಲ್ಲೇ!" ಅಂದ್ಲು.

ಮನಿಗಿ ಬಂದ ಹೆಣ್ಣುಮಗಳನ್ನ ಖಣ, ಕಾಯಿ, ಕುಂಕುಮ ಕೊಡದ ಬರೀ ಉಡಿಲೆ ಕಳಸೂದಂದ್ರ ನಮ್ಮಲ್ಲಿ ತವರುಮನಿಯವರು ಮುಖ ತಿರುವಿದಂಗ. ರೊಕ್ಕ ಕೊಡಲಿ ಬಿಡಲಿ, ಅದು ಬ್ಯಾರೆ ಮಾತು. ನಾನು ಚಪ್ಪಲ ಸೈತ ಮೆಟ್ಟದ ಕ್ರಾಸಿನ ಕಡೆ ಓಡಿದೆ. ಪುಣ್ಯಾಕ್ಕ ಡ್ರೈವರ್ ಅಲ್ಲಿ ಚಾ ಕುಡಿಯಾಕತ್ತಿದ್ದ.

"ಐದು ಮಿನಿಟು ಬರ್ರಿ ಮೇಡಂ, ಉಡಿ ತುಂಬಿ ಕಳಸ್ತೇವಿ."

"ನಾ ಇದನ್ನೆಲ್ಲಾ ಮಾಡಂಗಿಲ್ರಿ ಅವ್ವಾರ."

"ಮಾಡೂದು ನಾವು. ನೀವು ಸುಮ್ಮನ ಕುಂತ್ರ ಸಾಕು."

ನಕ್ಕೋತ ಬಂದ್ಲು. ಕೋಲಿ ಮುಂದ ಜೀಪು ನಿಂತಾಗ ಆಕಿ ನಗೂ ನಿಂತಿತು, ನಂದೂ ನಿಂತಿತು. ಎದುರಿಗಿ ಕಿರಾಣಿ ಫ್ಯಾನು ಒಬ್ಬಾಕಿ ತಲಿ ಮ್ಯಾಲ ಹೊಂಟಿತ್ತು. ತೊಟ್ಟಿಲ ಎರಡು ಹೆಣ್ಣುಮಕ್ಕಳ ನಡುವ ಜೋತಾಡಿಕೋತ ಹೊಂಟಿತ್ತು. ಮೋಡ ಆಗಿದ್ದಕ್ಕ ಉಳ್ಳಾಗಡ್ಡಿಯಾಂವ ಬಂದು ತಾಡಪತ್ರಿ ಎಳಕೊಳ್ಳಾಕತ್ತಿದ್ದ, "ಲಗೂ ಬಿಡ್ರೆ, ನನ್ನ ಮಾಲು ತೊಯ್ತದ!" ಅಂತ ಒದರಾಕತ್ತಿದ್ದ. ಒಳಗ ಮಕ್ಕಳು ಕೌದಿ ಮ್ಯಾಲ ಮಲಗಿದ್ವು, ತಗಡಿನ ತೂತಿನಿಂದ ಬೆಳಕು ಅವುಗಳ ಮೈ ಮ್ಯಾಲ ಚುಕ್ಕಿ ಚುಕ್ಕಿ ಬಿದ್ದಿತ್ತು. ನನ್ನ ಮೊಮ್ಮಗಳ ಹಣಿ ಮ್ಯಾಲ ಒಂದು ಚುಕ್ಕಿ. ಮೇಡಂನ ಕುಂದರಸಾಕ ಒಂದು ಮಣಿ ಸೈತ ಉಳಿದಿರಲಿಲ್ಲ, ಅದೂ ಇಸಗೊಂಡು ತಂದದ್ದು.

ಆಕಿ ತಾನಽ ಹೋಗಿ ಮೊಮ್ಮಗಳ ಬಾಜೂಕ ಕೌದಿ ಮ್ಯಾಲ ಕುಂತ್ಲು. ಮ್ಯಾಲ ನೋಡಿದ್ಲು. ಬಹಳ ಹೊತ್ತು ನೋಡಿದ್ಲು.

"ನನ್ನಿಂದ ಯಾಕ್ರಿ ಮುಚ್ಚಿಟ್ರಿ?" ಸಿಟ್ಟಿನಿಂದ ಅಲ್ಲ, ಖರೇನ ಕೇಳಿದ್ಲು.

ನೆಗೆಣ್ಣಿ ನನ್ನನ್ನ ಮುಂದ ದಬ್ಬಿದ್ಲು. ನಾನಽ ಹೇಳಿದೆ, "ಬೀಗರು ಬಂದಾಗ ಹರಕು ಕೌದಿ ಯಾರರೆ ಹಾಸ್ತಾರೇನ್ರಿ ಮೇಡಂ?" ಆಮ್ಯಾಲ ಉಳಿದದ್ದೂ ಹೇಳಿದೆ. ಮಳಿಯೊಳಗ ಮೂಲಿಯಿಂದ ಮೂಲಿಗಿ ತಿರುಗಿದ್ದು, ಪಂಚಾಯ್ತಿಯವರ ಕೀಲಿ, ಸೊಸಿಯ ಕಾಲೇಜು. ಹೇಳೂವಾಗ ನಾಚಿಕಿ ಬಂತು. ಹೇಳಿ ಮುಗಿಸಿದ ಮ್ಯಾಲ ಬರಲಿಲ್ಲ. ಇಲ್ಲ ಅಂತ ಬಾಯಿ ಬಿಟ್ಟು ಹೇಳಿದ್ರ ಮನಿತನ ಬೀಳತೈತಿ ಅಂತ ತಿಳಿದಿದ್ದೆ. ಬಿದ್ದಂಗೇನೂ ಆಗಲಿಲ್ಲ.

ನೆಗೆಣ್ಣಿ ಕಣ್ಣು ಒರಸಿಕೊಂಡು ಉಡಿ ತುಂಬಿದ್ಲು. ಮೇಡಂ ಸೆರಗು ಒಡ್ಡಿ ಇಸಗೊಂಡ್ಲು. "ಮಸೂತಿಯವರಿಗಿ ಕೊಡೂದು ಕೊಡೂದಽ" ಅಂದ್ಲು. "ನಿಮ್ಮ ಮಾಡಿನ ಮಾತು ಮ್ಯಾಲಿನವರ ಮುಂದ ಇಡ್ತೇನಿ. ಭರವಸಾ ಕೊಡಂಗಿಲ್ಲ."

ಮಸೂತಿ ಕಡೆಯವರಿಗಿ ಮೊದಲು ಸಿಕ್ತು, ಸಿಗಬೇಕಾದ್ದಽ. ನಮಗೂ ಸಿಕ್ತು, ತಗಡಿಗಷ್ಟ. ಫ್ಯಾನಿಗಿ, ತೊಟ್ಟಿಲಕ್ಕ ಮುದ್ದೇಬಿಹಾಳದ ಸೊಸಾಯಿಟಿಯಿಂದ ಸಾಲ ತಂದೇವಿ, ಸಂಘದಾಗ ಎಲ್ಲಾರೂ ಕೂಡಿ ತೀರಸಾಕತ್ತೇವಿ. ಅದಽ ಚೊಲೋ ಆತು ಅನಸತೈತಿ. ತಲಿ ಬಗ್ಗಿಸಿ ತಗೊಂಡದ್ದು ಮ್ಯಾಲ, ತಲಿ ಎತ್ತಿ ತಗೊಂಡದ್ದು ಕೆಳಗ, ಎರಡರ ನಡುವ ನಮ್ಮ ಮಕ್ಕಳು ಬೆಚ್ಚಗ ಮಲಗತಾವ.

ಮೊನ್ನೆ ಜೋರು ಮಳಿ. ಹೊಸಾ ತಗಡಿನ ಮ್ಯಾಲ ಸಪ್ಪಳ ಹೆಂಗಿತ್ತಂದ್ರ ಬಾಜೂಕ ಕುಂತವರ ಮಾತು ಕೇಳತಿರಲಿಲ್ಲ. ಒಂದು ಹನಿ ಒಳಗ ಬಂದಿರಲಿಲ್ಲ. ಆ ಒಣ ನೆಲದ ಮ್ಯಾಲ ನನ್ನ ಮೊಮ್ಮಗಳು ಗ್ವಾಡಿ ಬಿಟ್ಟು, ಕೈ ಎರಡೂ ಮ್ಯಾಲ ಎತ್ತಿ, ಕುಡದವರಂಗ ತೂರಾಡಿಕೋತ ನನ್ನ ಕಡೆ ನಡದು ಬಂದ್ಲು! ನಾನು ಹೆಂಗ ಒದರಿದೆ ಅಂದ್ರ, ಆ ಮಳಿ ಸಪ್ಪಳದಾಗೂ ಮಲಗಿದ ಮಕ್ಕಳೆಲ್ಲಾ ಎದ್ದು ಅತ್ವು.

ನೆಗೆಣ್ಣಿ ನನ್ನ ಕಿವಿ ಹತ್ರ ಬಂದು, "ನಿನ್ನ ಸೊಸಿಗಿ ಹೇಳಬ್ಯಾಡ. ಆಕಿ ಬಂದ ಮ್ಯಾಲ ನಡಸು. ಮೊದಲು ತಾನಽ ನೋಡಿದೆ ಅಂತ ತಿಳಕೊಳ್ಳಲಿ ಪಾಪ" ಅಂದ್ಲು.

ಖರೇನ, ಪ್ರೀತಿಲೆ ಅಂದ ಮಾತು. ನಾನೂ ಹೂಂ ಅಂದೆ. ಸಂಜಿತನ ತುಟಿ ಕಚ್ಚಿಕೊಂಡು ಕುಂತೆ. ಸೊಸಿ ಸಿಂದಗಿ ಬಸ್ಸಿಳದು, ಕೋಲಿ ಬಾಗಲದಾಗ ಕೊಡಿ ಮಡಚಿ, ಚಪ್ಪಲ ಬಿಡೂದರೊಳಗ, "ನಡದ್ಲು! ನಿನ್ನ ಮಗಳು ನಡದ್ಲು!" ಅಂತ ಹೇಳೇ ಬಿಟ್ಟೆ. ನೆಗೆಣ್ಣಿ ಹಣಿ ಬಡಕೊಂಡ್ಲು, "ನಿನ್ನ ಬಾಯಾಗ ಒಂದು ಕಾಳು ನೆನಿಯಂಗಿಲ್ಲ!"

ಸೊಸಿ ಮುಖ ಒಮ್ಮೆ ಅರಳಿತು, ಒಮ್ಮೆ ಬಾಡಿತು. "ನಾ ಇಲ್ಲದಾಗ ನಡದ್ಲೇನ್ರಿ?" ಅಂದ್ಲು. ಆ ಬಾಡಿದ್ದಕ್ಕ ನನ್ನ ಹತ್ರ ಔಷಧ ಇರಲಿಲ್ಲ. ಮುಚ್ಚಿಡಾಕೂ ಹೋಗಲಿಲ್ಲ.

ಆಕಿ ತೊಯ್ದ ಸೀರಿಲೆನ ನೆಲದ ಮ್ಯಾಲ ಕುಂತು, ಎರಡೂ ಕೈ ಚಾಚಿ, "ಬಾ, ಅವ್ವನ ಕಡೆ ಬಾ" ಅಂತ ಕರದ್ಲು. ನನ್ನ ಬಂಗಾರ ತಾಯಿ ಕಡೆ ನೋಡಿದ್ಲು, ನನ್ನ ಕಡೆ ನೋಡಿದ್ಲು, ದೊಪ್ಪಂತ ಕುಂತು ಕೌದಿ ಚುಂಗು ಬಾಯಾಗ ಇಟ್ಕೊಂಡ್ಲು. ಏಳವಲ್ಲಳು. ನಾವೆಲ್ಲಾ ನಕ್ಕಿವಿ, ಸೊಸಿನೂ ನಕ್ಲು, ಕೈ ಮಾತ್ರ ಕೆಳಗ ಇಳಿಸಲಿಲ್ಲ. ಹೊರಗ ಮಳಿ ನಿಂತಿರಲಿಲ್ಲ. ಯಾರಿಗೂ ಅವಸರ ಇರಲಿಲ್ಲ.