ಆಚೆ ಕಣಿವೆಯ ಒಂಟೆ

ಯುದ್ಧ ಮುಗಿದರೂ ನೆಲ ಅದನ್ನು ಮರೆಯುವುದಿಲ್ಲ. ಮನುಷ್ಯ ಹುಗಿದಿಟ್ಟದ್ದು ಎಂದಾದರೊಂದು ದಿನ ಮೇಲೆ ಬಂದೇ ಬರುತ್ತದೆ — ಎಂದು ಘನಗಂಭೀರವಾಗಿ ಆರಂಭಿಸಬೇಕೆಂದಿದ್ದೆ. ಆದರೆ ನಾನು ಯಾವ ಯುದ್ಧವನ್ನೂ ಮಾಡಿದವನಲ್ಲ. ನಾನು ಮಾಡಿದ್ದು ಇಷ್ಟೇ: ಒಂದು ಒಂಟೆ ಕಳೆದುಕೊಂಡ ಕಾಲನ್ನು ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ಸಾಗಿಸಿದೆ. ಕಾಗದದ ಮೇಲೆ. ಹೊಟ್ಟೆಕಿಚ್ಚಿನಿಂದ.

ಒಂಬತ್ತು ವರ್ಷದ ಹಿಂದಿನ ಮಾತು. ನಾನು ಬಾಗಲಕೋಟೆಯವನು, ಆ ಹೊತ್ತಿಗೆ ಮಸ್ಕತ್ತಿನ ಒಂದು ಕಂಪನಿಯಲ್ಲಿ ರಸ್ತೆ ಸರ್ವೆ ಮಾಡುತ್ತ ಹದಿನೆಂಟು ವರ್ಷ ಕಳೆದಿದ್ದೆ, ಸೀಬ್‌ನಲ್ಲಿ ಮನೆ. ಮಾಧವ ಮೈಸೂರಿನ ಹುಡುಗ, ನನ್ನ ಕೈಕೆಳಗೆ ಸೇರಿ ಎರಡೇ ವರ್ಷ. ಅಷ್ಟರಲ್ಲಿ ಅವನಿಗೆ ಅರಬ್ಬಿ ಬಂದಿತ್ತು. ಬರಲಿ, ಬೇಡವೆಂದವರಾರು — ಆದರೆ ನನ್ನ ಹೆಂಡತಿ ಶಾಂತಾ ಅದನ್ನು ಊಟಕ್ಕೆ ಬಡಿಸುವಾಗಲೇ ಹೇಳಬೇಕೆ?

"ಆ ಮಾಧವನ್ನ ನೋಡ್ರಿ, ಎರಡು ವರ್ಷದಾಗ ಕಲ್ತಾನ. ನೀವು ಹದಿನೆಂಟು ವರ್ಷದಾಗ 'ಖಲಾಸ್' ಅನ್ನೂದೊಂದ ಕಲ್ತೀರಿ."

ಅನ್ಯಾಯ. ನನಗೆ 'ನಡಿ' ಅನ್ನುವ 'ಯಲ್ಲಾ' ಕೂಡ ಬರುತ್ತಿತ್ತು.

ಒಮಾನಿನ ದಕ್ಷಿಣದ ಧೋಫಾರ್ ಬೆಟ್ಟಗಳಲ್ಲಿ ಒಂದು ಹಾಡಿಗೆ, ಅಂದರೆ ಬೆಟ್ಟದ ಮಂದಿಯ ಪುಟ್ಟ ಊರಿಗೆ, ರಸ್ತೆ ಬೇಕಾಗಿತ್ತು, ನಮ್ಮಿಬ್ಬರನ್ನೂ ಕಳಿಸಿದರು. ನಿಜ್ವಾ ದಾಟಿ ಆ ಬೆಟ್ಟಗಳ ಬುಡದ ಸಲಾಲಾಗೆ ದಿನವಿಡೀ ದಾರಿ. ಅರ್ಧಕ್ಕಿಂತ ಹೆಚ್ಚು ಬರೀ ಬಯಲು, ನೋಡಲು ಏನೂ ಇಲ್ಲದ್ದರಿಂದ ನಾನು ಮಾಧವನನ್ನೇ ನೋಡುತ್ತ ಕುಳಿತೆ. ನಿಜ್ವಾದ ಖರ್ಜೂರದಂಗಡಿಯವನು ಅವನಿಗೆ ಒಂದು ಹಿಡಿ ಹೆಚ್ಚು ಹಾಕಿದ. ಪೆಟ್ರೋಲ್ ಪಂಪಿನ ಮಲಯಾಳಿ ಚಹಾದವನು ಅವನನ್ನು ಹೆಸರು ಹಿಡಿದು ಕರೆದ. ನಾನು ಆ ಪಂಪಿನಲ್ಲಿ ಹದಿನೆಂಟು ವರ್ಷದಿಂದ ಚಹಾ ಕುಡಿದವನು, ನನ್ನ ಹೆಸರು ಅವನಿಗೆ ಇಂದಿಗೂ 'ಸಾರ್'.

ಆ ಬೆಟ್ಟಗಳಲ್ಲಿ ಅರ್ಧ ಶತಮಾನದ ಹಿಂದೆ ಯುದ್ಧ ನಡೆದಿತ್ತು. ಎರಡೂ ಕಡೆಯವರು ಮನೆಗೆ ಹೋದರು; ಹುಗಿದ ಬಾಂಬುಗಳು ಮಾತ್ರ ಅಲ್ಲಲ್ಲೇ ಉಳಿದವು. ಅದಕ್ಕೇ ನಮ್ಮ ಕೆಲಸದಲ್ಲಿ ಒಂದು ಫಾರ್ಮು ಇರುತ್ತದೆ: ಈ ಜಾಗದಲ್ಲಿ ಸ್ಫೋಟವಾದದ್ದನ್ನು ಸ್ಥಳೀಯರು ಯಾರಾದರೂ ಹೇಳಿದ್ದಾರೆಯೇ? 'ಹೌದು' ಎಂದು ಬರೆದರೆ ಆ ಜಾಗಕ್ಕೆ ನಕ್ಷೆಯಲ್ಲಿ ಕೆಂಪು ಗೆರೆ ಬೀಳುತ್ತದೆ, ಅಲ್ಲಿ ರಸ್ತೆ ಹಾಕುವಂತಿಲ್ಲ. 'ಹೌದು' ಎನ್ನಲು ಪುರಾವೆ ಬೇಡ, ಒಬ್ಬರ ಸಹಿ ಸಾಕು. ಬಿದ್ದ ಗೆರೆ ಅಳಿಸಬೇಕೆಂದರೆ ಪರಿಣತರ ತಂಡ ಬಂದು ನೆಲವನ್ನು ಗೇಣುಗೇಣಾಗಿ ತಡವಬೇಕು. ಅದು ಹತ್ತಾರು ವರ್ಷವಾದರೂ ಆಗಬಹುದು. ಆಗದೆಯೂ ಇರಬಹುದು.

ಹಾಡಿಗೆ ಎರಡು ದಾರಿ ಸಾಧ್ಯವಿತ್ತು. ನನ್ನದು ಬೆಟ್ಟ ಸುತ್ತಿ ಹೋಗುವ ಉದ್ದನೆಯ ದಾರಿ. ಮಾಧವನದು ಒಂದು ಕಣಿವೆಯೊಳಗಿಂದ ನೇರ, ಅರ್ಧಕ್ಕರ್ಧ ಕಡಿಮೆ. ಅದು ಒಳ್ಳೆಯ ದಾರಿ ಎಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು; ನನ್ನ ಸಂಕಟವೇ ಅದು. ಕೆಟ್ಟದಾಗಿದ್ದರೆ ನಾನೇ ಹೊಗಳುತ್ತಿದ್ದೆ.

ಹಾಡಿಯ ಮುದುಕ, ಒಂಟೆ ಸಾಕುವವನು, ಆ ಕಣಿವೆಯುದ್ದಕ್ಕೂ ನಮ್ಮನ್ನು ನಡೆಸಿಕೊಂಡು ಹೋದ. ಮಧ್ಯಾಹ್ನ ಒಂದು ಮರದ ಕೆಳಗೆ ಕುಳಿತು ಶಾಂತಾ ಕಟ್ಟಿಕೊಟ್ಟ ಚಪಾತಿ, ಶೇಂಗಾ ಹಿಂಡಿ — ನಮ್ಮ ಕಡೆಯ ಚಟ್ನಿಪುಡಿ — ಬಿಚ್ಚಿದೆವು. ಮುದುಕ ಹಿಂಡಿಯನ್ನು ಬೆರಳಿನಿಂದ ನೆಕ್ಕಿ, ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ ಆಶೀರ್ವಾದ ಮಾಡಿದ — ಮಾಧವನಿಗೆ. ನನ್ನ ಹೆಂಡತಿಯ ಹಿಂಡಿಗೆ!

ಊಟವಾದ ಮೇಲೆ ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಮಾಧವ ನನಗೆ ತಿಳಿಸಿ ಹೇಳಿದ: "ಸಾರ್, ಈ ಕಣಿವೆ ಏನೂ ತೊಂದ್ರೆ ಇಲ್ವಂತೆ. ಯುದ್ಧದ ಕಾಲದಲ್ಲೂ ಇವರಮ್ಮ ಇಲ್ಲೇ ಮೇಕೆ ಮೇಯಿಸ್ತಿದ್ರಂತೆ. ಆದ್ರೆ ಆ ಗುಡ್ಡದಾಚೆ ಇನ್ನೊಂದು ಕಣಿವೆ ಇದೆಯಲ್ಲ, ಅಲ್ಲಿ ಇವರ ಒಂಟೆ ಕಾಲು ಕಳ್ಕೊಂಡಿತಂತೆ. ಅದನ್ನ ಬರೀಬೇಕು ಸಾರ್."

ಮುದುಕ ಕೈಯೆತ್ತಿ ಗುಡ್ಡದಾಚೆ ತೋರಿಸಿದ. ನಾನು ನೋಡಿದೆ. ಸ್ಪಷ್ಟವಾಗಿ ನೋಡಿದೆ — ಇದನ್ನು ಮಸುಕು ಮಾಡಿ ಬರೆಯುವ ಆಸೆ ಈಗಲೂ ಇದೆ, ಮಾಡುವುದಿಲ್ಲ.

ನನ್ನ ದಾರಿ ಆ ಆಚೆ ಕಣಿವೆಯ ಬಾಯನ್ನು ಸವರಿಕೊಂಡು ಹೋಗುತ್ತಿತ್ತು. ನಿಜ ಬರೆದಿದ್ದರೆ ಕೆಂಪು ಗೆರೆ ಬೀಳುತ್ತಿದ್ದದ್ದು ನನ್ನ ದಾರಿಯ ಪಕ್ಕಕ್ಕೆ. ಹಿರಿಯನಾಗಿ ಫಾರ್ಮು ತುಂಬುವುದು ನನ್ನ ಕೆಲಸ. ತುಂಬಿದೆ. ಒಂಟೆ ಕಾಲು ಕಳೆದುಕೊಂಡದ್ದು ಮಾಧವನ ಕಣಿವೆಯಲ್ಲಿ ಎಂದು ಬರೆದೆ. ಅಕ್ಷರಗಳು ಎಂದಿಗಿಂತ ದುಂಡಗೆ ಬಂದವು.

ಆಫೀಸಿನಲ್ಲಿ ನಮ್ಮ ಒಮಾನಿ ಮ್ಯಾನೇಜರ್ ಎದುರಿಗೆ ಮಾಧವ ಫಾರ್ಮು ಓದಿ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ನಾನು ಮರೆತಿದ್ದೇನೆ, ನೆನಪಿಸಿದರೆ ಸಾಕು ಎಂದುಕೊಂಡಿದ್ದ.

"ಸಾರ್, ಅವರು ತೋರಿಸಿದ್ದು ಗುಡ್ಡದಾಚೆ ಅಲ್ವಾ? ನೀವೂ ಅಲ್ಲೇ ಇದ್ರಲ್ಲ."

"ಇಲ್ರೀ ಮಾಧವರಾವ್. ಅವಾ ಕೈ ತೋರ್ಸಿದ್ದು ಇದ ಕಣಿವಿಗೆ. ನಾ ಕಣ್ಣಾರೆ ನೋಡೀನಿ."

ಮಾಧವ ಮುದುಕನನ್ನೇ ಇನ್ನೊಮ್ಮೆ ಕೇಳೋಣವೆಂದ. ಮ್ಯಾನೇಜರ್ ಕೈ ಅಡ್ಡ ಹಿಡಿದರು. "ಶಕ್ ಹೈ? ಖಲಾಸ್." ಅನುಮಾನ ಬಂದಮೇಲೆ ಆ ಕಣಿವೆಯ ಕತೆ ಮುಗಿಯಿತು.

ಬಾಂಬಿರುವ ಕಣಿವೆಯಲ್ಲಿ ರಸ್ತೆ ಹಾಕಹೊರಟ ಹುಡುಗ ಎಂಬ ಹೆಸರು ಮಾಧವನಿಗೆ ಅಂಟಿತು. ಅವನನ್ನು ಸರ್ವೆಯಿಂದ ತೆಗೆದು ಸುವೈಕ್‌ನ ಉಗ್ರಾಣಕ್ಕೆ ಹಾಕಿದರು. ಪೈಪು ಎಣಿಸುವ ಕೆಲಸ. ವರ್ಷ ತುಂಬುವ ಮೊದಲೇ ಊರಿಗೆ ಹೋದ. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದ, ಕೆಲಸ ಕಲಿಸಿದ್ದಕ್ಕೆ. ನಾನು 'ಒಳ್ಳೇದಾಗ್ಲಿ' ಅಂದೆ. ಅಂದೆನಲ್ಲ — ಆ ಬಾಯಿಂದಲೇ.

ನನ್ನ ದಾರಿ ರಸ್ತೆಯಾಯಿತು. ಹಾಡಿಯವರು ಇಂದಿಗೂ ಅದರಲ್ಲೇ ಬೆಟ್ಟ ಸುತ್ತುತ್ತಾರೆ. ಹೊಟ್ಟೆಕಿಚ್ಚು ಆರಿತೇ ಎಂದರೆ, ಇಲ್ಲ. ಶಾಂತಾ ಹಿಂಡಿ ಕುಟ್ಟಿದಾಗಲೆಲ್ಲ "ಮಾಧವಗ ಭಾಳ ಸೇರ್ತಿತ್ತು" ಅನ್ನುತ್ತಾಳೆ. ಎದುರಿಗಿದ್ದವನನ್ನು ಸಾಗಹಾಕಬಹುದು. ಇಲ್ಲದವನನ್ನು ಏನು ಮಾಡುವುದು?

ಬಹುಶಃ ನಾನು ಹೀಗೇ ಗೌರವಾನ್ವಿತನಾಗಿ ನಿವೃತ್ತನಾಗುತ್ತಿದ್ದೆ. ಆದರೆ ಹೋದ ವರ್ಷ, ಮಂಜು ಮಳೆಗೆ ಆ ಬೆಟ್ಟಗಳು ಹಸಿರಾಗುವ ಖರೀಫ್ ಕಾಲಕ್ಕೆ ಮುಂಚೆ, ನಮ್ಮ ಕಡೆಯ ಹನ್ನೊಂದು ಕುಟುಂಬಗಳು ಸಲಾಲಾ ಪ್ರವಾಸಕ್ಕೆ ನನ್ನ ಮನೆಯಲ್ಲೇ ಸಭೆ ಸೇರಿದವು. ವಿಜಯಪುರದ ಪಾಟೀಲ ಫೋನಿನಲ್ಲಿ ಒಂದು ಜಾಗ ತೋರಿಸಿದ. "ಅಣ್ಣಾರ, ನಿಮ್ಮ ರಸ್ತಾದ ಬಾಜೂಕ ಐತಿ! ಗುಡ್ಡದ ನಡು ಹಸರು ಬಯಲು. ಹುಡುಗ್ರಿಗೆ ಕ್ರಿಕೆಟ್ ಆಡಾಕ ಚೊಲೊ ಸಪಾಟ ಐತ್ರೀ."

ಆಚೆ ಕಣಿವೆ. ನಕ್ಷೆಯಲ್ಲಿ ಒಂದು ಗೆರೆಯೂ ಇಲ್ಲದ, ಅಚ್ಚ ಬಿಳಿ ಕಣಿವೆ. ನಾನು ಬಿಳಿಯಾಗಿಯೇ ಉಳಿಸಿದ್ದು.

ಆಗಲೂ ನಾನು ನಿಜ ಹೇಳಲಿಲ್ಲ. ಮೊದಲು ಹಾವಿನ ಮೊರೆ ಹೋದೆ. "ಅಲ್ಲಿ ಹಾವು ಭಾಳ ಅದಾವ."

"ಹಾವಿಗೆ ಅಂಜೂ ಮಂದಿ ಏನ್ರೀ ನಾವು?" ಎಂದ ಪಾಟೀಲ. ಎಲ್ಲರೂ ನಕ್ಕರು. ಒಳಗಿನ ಕೋಣೆಯಲ್ಲಿ ಅವರ ಮಕ್ಕಳು ಟೀಮು ಹಂಚಿಕೊಳ್ಳುತ್ತಿದ್ದರು, ಯಾರು ಓಪನಿಂಗು, ಯಾರು ಬೌಂಡರಿಯಲ್ಲಿ...

ಹೇಳಿದೆ. ಚಹಾದ ಲೋಟ ಹಿಡಿದಿದ್ದ ಅಷ್ಟೂ ಜನರ ಮುಂದೆ, ಕೈ ಎತ್ತಿದ ಮುದುಕನಿಂದ ಹಿಡಿದು ಸುವೈಕ್‌ನ ಪೈಪುಗಳವರೆಗೆ. ಯಾರೂ ಬೈಯಲಿಲ್ಲ. ಪಾಟೀಲ ಫೋನು ಜೇಬಿಗಿಟ್ಟು ಮಕ್ಕಳನ್ನು ಕರೆದ. ಮನೆ ಖಾಲಿಯಾದ ಮೇಲೆ ಶಾಂತಾ ಒಂದೇ ಮಾತು ಕೇಳಿದಳು: "ಅವಾ ನಿಮ್ಮ ಕಾಲಿಗೆ ಬಿದ್ದಾಗರ ಹೇಳ್ಬೇಕನಸ್ಲಿಲ್ಲೇನ್ರಿ?"

ಅನಿಸಿತ್ತು.

ಮರುದಿನ ಮ್ಯಾನೇಜರ್ ಮೇಜಿನ ಮೇಲೆ ಬರಹದಲ್ಲಿ ಎಲ್ಲ ಒಪ್ಪಿಕೊಂಡು ಸಹಿ ಮಾಡಿ ಇಟ್ಟೆ; ಕೆಲಸ ಹೋಯಿತು, ಅದು ನ್ಯಾಯ. ಮಾಧವನಿಗೂ ಬರೆದೆ. ಅವನು ಓದಿದ್ದಾನೆ ಎಂದು ಫೋನು ತೋರಿಸುತ್ತದೆ, ಉತ್ತರ ಬಂದಿಲ್ಲ. ಕಾಯುವ ಹಕ್ಕು ನನಗಿದೆ ಎಂದೂ ಅಂದುಕೊಂಡಿಲ್ಲ.

ಮಳೆ ಮುಗಿದ ಮೇಲೆ ತಂಡ ಹೋಗಿ ಎರಡೂ ಕಡೆ ನೆಲ ಶೋಧಿಸಿತು. ಆಚೆ ಕಣಿವೆಯಲ್ಲಿ, ನನ್ನ ರಸ್ತೆಯ ಅಂಚಿನಿಂದ ನಲವತ್ತು ಹೆಜ್ಜೆ ಒಳಗೆ, ಸಿಡಿಯದ ಎರಡು ನೆಲಬಾಂಬು ಸಿಕ್ಕವು. ಮಾಧವನ ಕಣಿವೆಯಲ್ಲಿ ಏನೂ ಇರಲಿಲ್ಲ.