ಸಾಕ್ಷಿ ಲಡಿ

ಬೆಟಗೇರಿಯ ನೇಕಾರ ಪಾಂಡಪ್ಪ ವಾರದಲ್ಲಿ ಆರು ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುತ್ತಿದ್ದ. ರವಿವಾರ ಬಂತೆಂದರೆ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಗೊಂದು ಟೊಪ್ಪಿಗೆ. ಸೊಸೆ ರೋಹಿಣಿ ಕೊಟ್ಟ ಚಹಾ ನಿಂತೇ ಕುಡಿದು, ಊರು ನೋಡಲು ಬಂದ ಮಂದಿಯನ್ನು ಕರೆದುಕೊಂಡು ಓಣಿ ಓಣಿ ತೋರಿಸಲು ಹೊರಡುತ್ತಿದ್ದ.

ಯಾರೂ ನೇಮಿಸಿದ ಕೆಲಸವಲ್ಲ. ಹತ್ತು ವರ್ಷದ ಕೆಳಗೆ ಧಾರವಾಡದ ಟೀಚರೊಬ್ಬರು ದಾರಿ ತಪ್ಪಿ ಅವನ ಮನೆ ಮುಂದೆ ನಿಂತಿದ್ದರು. ಬಸ್‌ಸ್ಟ್ಯಾಂಡಿನ ದಾರಿ ತೋರಿಸುತ್ತೇನೆಂದು ಹೊರಟವನು ಅರ್ಧ ಊರನ್ನೇ ತೋರಿಸಿದ. ಅವರು ನಾಲ್ಕು ಮಂದಿಗೆ ಹೇಳಿದರು, ಆ ನಾಲ್ಕು ಮಂದಿ ಮತ್ತೆ ಹತ್ತು ಮಂದಿಗೆ. ರೊಕ್ಕ ಕೊಡಲು ಬಂದವರ ಮುಂದೆ ಪಾಂಡಪ್ಪ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ. "ರೊಕ್ಕ ತಗೊಂಡ್ರ ನಿಮಗ ಚಲೋ ಅನಿಸೂದು ಹೇಳಬೇಕಾಗತೈತ್ರಿ. ಪುಕ್ಕಟೆ ಇದ್ರ ಖರೆ ಹೇಳಬಹುದು."

ಮಿಷನ್ ಕಂಪೌಂಡಿನ ಚರ್ಚು, ಮರಾಠಿ ಮಾತಾಡುವ ಸಿಂಪಿಗರ ಸಾಲು, ತೆಲುಗು ಮಾತಾಡುವ ನೇಕಾರರ ಮನೆಗಳು, ಮಾರವಾಡಿಗಳ ಅಂಗಡಿ, ದರ್ಗಾದ ಕಟ್ಟೆ. "ನಮ್ಮ ಊರಾಗ ಬೈಸ್ಕೊಂಡ್ರ ಐದು ಭಾಷಾದಾಗ ಬೈಸ್ಕೋಬಹುದು ನೋಡ್ರಿ" ಎಂದು ನಗಿಸುತ್ತಿದ್ದ. ನಡುವೆ ತನ್ನ ಮನೆಗೂ ಕರೆದು ಮಗ್ಗ ತೋರಿಸುತ್ತಿದ್ದ. ಒಂದು ಎಳೆಯನ್ನು ಬೇಕಂತಲೇ ಹರಿದು, ಎಡಗೈಯೊಂದರಲ್ಲೇ ಗಂಟು ಹಾಕಿ ತುದಿಯನ್ನು ಎರಡು ಸಲ ಸುತ್ತಿ ಒಳಕ್ಕೆ ಸೇರಿಸುತ್ತಿದ್ದ. "ಇದು ನಮ್ಮಪ್ಪ ಹಾಕತಿದ್ದ ಗಂಟು. ಈ ಓಣ್ಯಾಗ ಮತ್ತ್ಯಾರಿಗೂ ಬರೂದಿಲ್ಲ. ಹರದ ಎಳಿ ಕಂಡ್ರ ನೇಕಾರನ ಕೈ ಸುಮ್ಮನ ಇರಬಾರದರಿ."

ಕೊನೆಯದು ಫಕೀರಸಾಬನ ಹಿತ್ತಲು. ಫಕೀರಸಾಬ ನೂಲಿಗೆ ಬಣ್ಣ ಹಾಕುವವನು, ಪಾಂಡಪ್ಪನ ವಾರಿಗೆಯವನು, ನಾಲ್ಕನೆಯ ಇಯತ್ತೆವರೆಗೆ ಒಂದೇ ಪಾಟಿಯಲ್ಲಿ ಬರೆದವರು ಇಬ್ಬರೂ.

"ಬಂದಾ ನೋಡ್ರಿ, ಮಂದಿ ಕಾಲು ಮುರಿಯಾವಾ," ಎಂದು ಫಕೀರಸಾಬ ಬಣ್ಣದ ಹಂಡೆಯ ಮುಂದಿನಿಂದ ಏಳುತ್ತಿದ್ದ. "ಕುಂಡ್ರಿ, ಚಹಾ ಕುಡೀರಿ."

"ಲೇ ಫಕೀರ್ಯಾ, ಕೈ ತೊಳಕೊಂಡು ಕೊಡು. ಹೋದ ವಾರ ಕೆಂಪು ಚಹಾ ಕುಡಿಸೀದಿ."

ಅಲ್ಲಿ ಪಾಂಡಪ್ಪ ತನಗೆ ಎಲ್ಲಕ್ಕಿಂತ ಪ್ರೀತಿಯ ಸಂಗತಿಯೊಂದನ್ನು ಹೇಳುತ್ತಿದ್ದ. ಈ ಜಾಗ ನೂಲಿನ ವ್ಯಾಪಾರಿ ವಿರೂಪಾಕ್ಷಪ್ಪನ ಮನೆತನದ್ದು. ಬಣ್ಣದವನು ನೇಕಾರರ ಹತ್ತಿರವೇ ಇರಲಿ ಎಂದು ಅವರ ಅಜ್ಜ ಫಕೀರಸಾಬನ ಅಜ್ಜನಿಗೆ ಬಾಯಿಮಾತಿನ ಮೇಲೆ ಬಿಟ್ಟುಕೊಟ್ಟಿದ್ದು. ಬಾಡಿಗೆಯಿಲ್ಲ, ಕಾಗದವಿಲ್ಲ. ಪ್ರತಿ ಯುಗಾದಿಗೆ ಬಣ್ಣದವನು ಒಂದು ಲಡಿ ಕೆಂಪು ನೂಲು ಕೊಡಬೇಕು. ಪಾಂಡಪ್ಪನ ಮನೆಯವರು ಅದನ್ನು ಎರಡು ಪಾಲು ಮಾಡಿ ತಮ್ಮ ಆ ಗಂಟನ್ನೇ ಹಾಕಬೇಕು. ಒಂದು ಪಾಲು ವ್ಯಾಪಾರಿಯ ಮನೆಗೆ, ಇನ್ನೊಂದು ಮಗ್ಗದ ಹಿಂದಿನ ಗೋಡೆಗೆ, ಸಾಕ್ಷಿಯೆಂದು. "ನೋಡ್ರಿ, ಜಾಗಾ ಅವರದು, ಮನಿ ಇವಂದು, ಸಾಕ್ಷಿ ನಾನು. ಎಂಬತ್ತು ವರ್ಷ ನಡದೈತಿ."

ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಬಂದ ಮೇಘಾ ಎಂಬ ಹುಡುಗಿ ಈ ಮಾತನ್ನು ಮೊಬೈಲಿನಲ್ಲಿ ಹಿಡಿದಳು. ಗೋಡೆಯ ಮೇಲಿನ ಲಡಿಗಳನ್ನೂ ಹಿಡಿದಳು. ವಿಡಿಯೋ ಲಕ್ಷ ಮಂದಿ ನೋಡಿದರು. ರೋಹಿಣಿ ಕೂಸಿಗೆ ಅನ್ನ ಉಣಿಸುತ್ತ ಅದನ್ನೇ ಹಚ್ಚಿ ತೋರಿಸುತ್ತಿದ್ದಳು: "ನೋಡು, ಅಜ್ಜ."

ವಿರೂಪಾಕ್ಷಪ್ಪನ ಮಗ ವೀರುವೂ ನೋಡಿದ. ಅಪ್ಪ ತೀರಿಕೊಂಡು ಆಗಲೇ ವರ್ಷವಾಗಿತ್ತು. ಹಿತ್ತಲಿನ ಜಾಗದಲ್ಲಿ ಗೋದಾಮು ಕಟ್ಟಬೇಕೆಂದಿದ್ದ ಅವನು ಫಕೀರಸಾಬನಿಗೆ ವಕೀಲರ ನೋಟಿಸು ಕಳಿಸಿದ.

ಪಾಂಡಪ್ಪ ಫಕೀರಸಾಬನ ಜೊತೆ ವಕೀಲರ ಹತ್ತಿರ ಹೋದ. "ಎಂಬತ್ತು ವರ್ಷದಿಂದ ಅದಾರ್ರಿ. ಅದ ಸಾಕಲ್ಲ?"

ವಕೀಲರು ವಿಡಿಯೋ ನೋಡಿ ಕನ್ನಡಕ ತೆಗೆದರು. "ಯಾರನ್ನೂ ಕೇಳದ ಕುಂತಿದ್ರ ಜಾಗಾ ನಮ್ಮದಾತು ಅಂತ ವಾದ ಮಾಡಬಹುದಿತ್ತು. ಇವರು ವರ್ಷಾ ಲಡಿ ಕೊಟ್ಟು, ಮಾಲಕರು ನೀವ ಅಂತ ಒಪ್ಪಿಕೊಂತ ಬಂದಾರ. ಅದನ್ನ ನೀವು ಊರಿಗೆಲ್ಲಾ ಸಾರೀರಿ."

"ಹಂಗಾರ ಮರ್ಯಾದಿ ಇಟ್ಟದ್ದ ತಪ್ಪಾತು," ಎಂದ ಫಕೀರಸಾಬ.

ವೀರು ಪಾಂಡಪ್ಪನನ್ನೇ ತನ್ನ ಸಾಕ್ಷಿಯೆಂದು ಕರೆಸಿದ. "ಕಾಕಾ, ಹೊಸಾದ್ದೇನೂ ಹೇಳಬ್ಯಾಡ್ರಿ. ರವಿವಾರ ಹೇಳತಿದ್ರಲ್ಲಾ, ಅದನ್ನ ಹೇಳ್ರಿ."

ಸಾಕ್ಷಿ ಹೇಳುವ ಹಿಂದಿನ ದಿನ ಮಧ್ಯಾಹ್ನ ಫಕೀರಸಾಬ ಬಂದು ಮಗ್ಗದ ಕುಣಿಯ ಅಂಚಿಗೆ ಕೂತ.

"ಪಾಂಡ್ಯಾ, ಈ ವಯಸ್ಸಿನ್ಯಾಗ ನನ್ನ ಹಂಡೆ ಎಲ್ಲಿ ಇಡ್ಲೋ? ಒಂದ ಸುಳ್ಳು. ನನ್ನ ಸಲುವಾಗಿ."

ಅವನು ಹೋದ ಮೇಲೆ ರೋಹಿಣಿ ಕೂಸನ್ನು ನೆಲಕ್ಕಿಳಿಸಿ ಗೋಡೆಯ ಲಡಿಗಳನ್ನು ಒಂದೊಂದೇ ತೆಗೆದಳು. "ಮಾವಾರ, ಹರ್ತಿ ಊರಾಗಿನ ನಮ್ಮವ್ವನ ಮನಿಗೆ ಒಯ್ದಿಡತೇನಿ. ನೀವು ಅಂಥಾದ್ದೇನಿಲ್ಲ, ಬಂದ ಮಂದಿ ಖುಷಿ ಆಗ್ಲೆಂತ ಹೇಳಿದ ಕಥಿ ಅಂದುಬಿಡ್ರಿ. ಅಷ್ಟ." ಚೀಲದ ಬಾಯಿ ಕಟ್ಟುವಾಗ ಅವಳ ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಹೊಗೆ ಹಿಡಿದ ಗೋಡೆಯ ಮೇಲೆ ಲಡಿ ಇದ್ದಲ್ಲೆಲ್ಲ ಸುಣ್ಣ ಬೆಳ್ಳಗೆ ಉಳಿದಿತ್ತು.

ಕೋರ್ಟಿನಲ್ಲಿ ವೀರುವಿನ ವಕೀಲ ವಿಡಿಯೋ ತೋರಿಸಿದ. "ಇದು ನೀವಲ್ಲೇನ್ರಿ?"

"ಹೌದ್ರಿ, ನಾನ."

"ಹೇಳಿದ್ದು ಖರೆ?"

"ಸುಳ್ಳರಿ. ಮಂದಿ ಖುಷಿ ಆಗ್ಲೆಂತ ಹೇಳಿದ ಕಥಿ."

"ಹಂಗಾರ ಹತ್ತು ವರ್ಷ ಮಂದಿಗೆ ಹೇಳಿದ್ದು? ಚರ್ಚಿಂದು, ದರ್ಗಾದ್ದು, ನಿಮ್ಮ ಓಣಿದು?"

ಪಾಂಡಪ್ಪ ಕಟಕಟೆಯ ಕಟ್ಟಿಗೆ ಹಿಡಿದುಕೊಂಡ. ಹಿಂದಿನ ಬೆಂಚಿನಲ್ಲಿ ಫಕೀರಸಾಬ ಕೂತಿದ್ದ. ಪಾಂಡಪ್ಪ ಅತ್ತ ನೋಡಲಿಲ್ಲ. "ಎಲ್ಲಾ ಸುಳ್ಳರಿ."

ವಕೀಲ ಒಂದು ಹಳೆಯ ಟ್ರಂಕು ತರಿಸಿದ. ಒಳಗೆ ಅಷ್ಟೂ ವರ್ಷದ ಅರ್ಧ ಲಡಿಗಳು, ಒಂದೊಂದರ ಮೇಲೂ ಕುಂಕುಮ. ವಿರೂಪಾಕ್ಷಪ್ಪ ಒಂದನ್ನೂ ಕಳೆದಿರಲಿಲ್ಲ. ವಕೀಲ ಒಂದನ್ನು ಅವನ ಕೈಗೆ ಕೊಟ್ಟ.

"ಈ ಗಂಟು ಯಾರು ಹಾಕಿದ್ದು?"

"ಗೊತ್ತಿಲ್ಲರಿ."

"ಚಲೋತ್ನಂಗ ನೋಡ್ರಿ."

ಹಳೆಯ ಲಡಿ. ಒಂದು ಎಳೆ ಹರಿದು ಜೋತಾಡುತ್ತಿತ್ತು. ಪಾಂಡಪ್ಪ ಕಣ್ಣು ತುಂಬಿಕೊಂಡು ಎತ್ತಲೋ ನೋಡುತ್ತಿದ್ದ. ಎಡಗೈ ಬೆರಳುಗಳು ತಾವೇ ಆ ತುದಿಯನ್ನು ಹುಡುಕಿದವು, ಜೋಡಿಸಿದವು, ಎರಡು ಸಲ ಸುತ್ತಿ ಒಳಕ್ಕೆ ಸೇರಿಸಿದವು. ಕೋರ್ಟು ಗಪ್ಪಾದ ಮೇಲೆಯೇ ಅವನು ಕೆಳಗೆ ನೋಡಿದ್ದು.

ವಕೀಲ ಲಡಿಯನ್ನು ಮೆಲ್ಲಗೆ ತೆಗೆದುಕೊಂಡು, ಅದರ ಹಳೆಯ ಗಂಟನ್ನೂ ಈಗಿನ ಗಂಟನ್ನೂ ನ್ಯಾಯಾಧೀಶರಿಗೆ ತೋರಿಸಿದ. ಮತ್ತೇನೂ ಕೇಳಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಪಾಂಡಪ್ಪ ಕುಸಿದು ಕೂತ. ಫಕೀರಸಾಬ ಪಕ್ಕಕ್ಕೆ ಬಂದು ನೀರಿನ ಬಾಟಲಿ ಕೊಟ್ಟ.

"ಲೇ, ಬಾಯಿಗೆ ಸುಳ್ಳು ಕಲಿಸಿದಿ. ಕೈಗೆ ಕಲಿಸೂದು ಮರ್ತಿ ನೋಡು."

ಪಾಂಡಪ್ಪ ನಗಲಿಲ್ಲ. ಫಕೀರಸಾಬನೂ ನಗಲಿಲ್ಲ.

ಜಾಗ ಬಿಡಬೇಕೆಂದು ತೀರ್ಪು ಬಂತು. ಮೇಲಿನ ಕೋರ್ಟಿಗೆ ಹೋಗುವ ತ್ರಾಣ ಫಕೀರಸಾಬನಲ್ಲಿ ಇರಲಿಲ್ಲ. ಲಕ್ಷ್ಮೇಶ್ವರದಲ್ಲಿರುವ ಮಗಳ ಮನೆಗೆ ಹೊರಟ. ಅಲ್ಲಿ ಒಂದೇ ಖೋಲಿ, ಹಂಡೆಗೆ ಜಾಗವಿಲ್ಲ. ಹಂಡೆಯನ್ನು ಗುಜರಿಯವನು ತಳ್ಳುಗಾಡಿಯಲ್ಲಿ ಒಯ್ಯುವಾಗ ಪಾಂಡಪ್ಪ ಬಾಗಿಲು ಮುಚ್ಚಿಕೊಂಡು ಒಳಗೇ ಕೂತಿದ್ದ. ಟೆಂಪೋ ಹೊರಡುವ ಮುಂಚೆ ಫಕೀರಸಾಬ ಕಿಟಕಿಯಿಂದ ಒಂದು ಕೆಂಪು ಲಡಿ ಒಳಕ್ಕಿಟ್ಟ. "ಕಡೀ ಹಂಡೆದು. ಗೋಡಿಗೆ ಹಾಕಬ್ಯಾಡ, ನೇದುಬಿಡು."

ಪಾಂಡಪ್ಪ ನೇಯಲಿಲ್ಲ. ಲಡಿ ಕಿಟಕಿಯ ಕಟ್ಟೆಯ ಮೇಲೆಯೇ ಬಿಸಿಲಿಗೆ ಮಾಸುತ್ತ ಕೂತಿತು. ರೋಹಿಣಿ ಕಸ ಗುಡಿಸುವಾಗ ಎತ್ತಿ, ಒರೆಸಿ, ಅಲ್ಲೇ ಇಡುತ್ತಾಳೆ.

ರವಿವಾರ ಈಗಲೂ ಒಮ್ಮೊಮ್ಮೆ ಮಂದಿ ಬರುತ್ತಾರೆ. ಹೋದ ವಾರ ನಾಲ್ವರು ಬಂದಿದ್ದರು. ರೋಹಿಣಿ ಕೂಸನ್ನು ಕಂಕುಳಲ್ಲಿ ಹೊತ್ತು ಬಾಗಿಲಿಗೆ ಬಂದಳು. "ಮಾವಾರು ಈಗ ಎಲ್ಲೂ ಹೋಗೂದಿಲ್ಲರಿ."

"ಆ ಬಣ್ಣದ ಅಜ್ಜಾರ ಮನಿ ಅಷ್ಟ ತೋರಸ್ರಿ. ವಿಡಿಯೋದಾಗ ನೋಡೀವಿ."

ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸುವಷ್ಟರಲ್ಲಿ ಒಳಗೆ ಮಗ್ಗದ ಲಾಳಿಯ ಸಪ್ಪಳ ನಿಂತಿತು.

"ಅಂಥಾ ಮನಿ ಇಲ್ಲಿ ಇಲ್ಲರಿ," ಎಂದ ಪಾಂಡಪ್ಪ ಕುಣಿಯೊಳಗಿಂದಲೇ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಳಿ ಮತ್ತೆ ಆಡಲು ಹತ್ತಿತು.