ಯಾವ ಕೈಯಿಂದ ತೆಗೆಯುವುದು

ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಎದೆಯ ಹತ್ತಿರ ನಿಲ್ಲುವವರು ಸರ್ಜನ್. ನಾನು ನಿಲ್ಲುವುದು ಕೈಯ ಹತ್ತಿರ, ಇಲ್ಲವೇ ಕಾಲಿನ ಹತ್ತಿರ. ಹೃದಯದಲ್ಲಿ ಕಟ್ಟಿಕೊಂಡ ನಾಳಕ್ಕೆ ಬದಲಿ ದಾರಿ ಮಾಡಲು ಮುಂಗೈಯಿಂದಲೋ ಕಾಲಿನಿಂದಲೋ ರಕ್ತನಾಳ ಬಿಡಿಸಿ ಕೊಡುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ, ತರಬೇತಿ ಪಡೆದ ಸಹಾಯಕಿ. ರಾಮನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಬೆಳಗಿನ ರೈಲಿಗೆ ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತೇನೆ. ಕೂಟಗಲ್‌ನಲ್ಲಿರುವ ಅವ್ವನಿಗೆ ಒಮ್ಮೆ ಇದನ್ನೆಲ್ಲ ವಿವರಿಸಲು ಹೋದೆ. "ಉಣ್ಣೋ ಹೊತ್ನಲ್ಲಿ ಆ ಮಾತ್ಯಾಕವ್ವ, ಬುಡು" ಎಂದಳು. ಆಮೇಲೆ ಯಾರಿಗೂ ಹೇಳಲು ಹೋಗಲಿಲ್ಲ.

ಮೂರು ವರ್ಷದ ಹಿಂದೆ ಚನ್ನಪಟ್ಟಣದವರೊಬ್ಬರು ದಾಖಲಾದರು. ಲೇತಿನ ಮೇಲೆ ಮರದ ಬೊಂಬೆ ಕಡೆಯುವವರು, ಐವತ್ತರ ಆಸುಪಾಸು. ಫೈಲಿನಲ್ಲಿ 'ಬಲಗೈ ಬಳಕೆ' ಎಂದು ಬರೆದಿತ್ತು. ಹಾಗಿದ್ದರೆ ನಾಳ ತೆಗೆಯುವುದು ಹೆಚ್ಚು ಬಳಸದ ಎಡಗೈಯಿಂದ. ಹಿಂದಿನ ದಿನ ಮಧ್ಯಾಹ್ನ ಕೈ ಪರೀಕ್ಷೆಗೆ ಹೋದೆ. ಮುಷ್ಟಿ ಬಿಗಿಯಲು ಹೇಳಿ ಮಣಿಕಟ್ಟಿನ ಎರಡೂ ನಾಳ ಒತ್ತಿ ಹಿಡಿಯಬೇಕು. ಆಮೇಲೆ ಮುಷ್ಟಿ ಬಿಚ್ಚಿಸಿ, ಕಿರುಬೆರಳಿನ ಕಡೆಯ ನಾಳವನ್ನು ಮಾತ್ರ ಬಿಟ್ಟು, ಬಿಳಿಚಿದ ಅಂಗೈಗೆ ಬಣ್ಣ ಮರಳುವುದನ್ನು ನೋಡಬೇಕು. ಬೇಗ ಮರಳಿದರೆ ಇನ್ನೊಂದು ನಾಳವಿಲ್ಲದೆಯೂ ಕೈ ಬದುಕುತ್ತದೆ.

ಎಡಗೈಗೆ ಬಣ್ಣ ತಕ್ಷಣ ಬಂತು. ಆದರೆ ಆ ಅಂಗೈ ಪೂರಾ ಜಡ್ಡುಗಟ್ಟಿತ್ತು. ಬಲಗೈ ಮೆತ್ತಗಿತ್ತು.

"ಯಜಮಾನ್ರೆ, ಉಳಿ ಯಾವ ಕೈಲಿ ಹಿಡೀತೀರ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಎಡಗೈ ಕಣವ್ವ. ಚಿಕ್ಕೋನಿದ್ದಾಗ ಎಡಗೈಲಿ ಉಂಡ್ರೆ ನಮ್ಮಪ್ಪ ಬಾರಿಸೋನು. ಉಣ್ಣಾದು, ಸೈನ್ ಮಾಡಾದು ಬಲಗೈಲಿ ಕಲ್ತೆ. ಉಳಿ ಮಾತ್ರ ಎಡಗೈಗೇ ಒಗ್ಗೋದು."

"ಇಲ್ಲಿ ಯಾರಿಗೂ ಹೇಳಲಿಲ್ವಾ?"

"ಯಾರೂ ಕೇಳ್ನಿಲ್ಲ."

ಬಲಗೈ ಒತ್ತಿ ಬಿಟ್ಟೆ. ಬಣ್ಣ ಬರಲೇ ಇಲ್ಲ ಎನ್ನುವಷ್ಟು ತಡವಾಯಿತು. ಅದನ್ನು ಮುಟ್ಟುವಂತಿರಲಿಲ್ಲ.

ಸರ್ಜನ್‌ಗೆ ಹೇಳಿದೆ. ಅವರು ಬಂದು ಹಾಸಿಗೆಯ ಪಕ್ಕ ಕೂತು ಮುಚ್ಚುಮರೆಯಿಲ್ಲದೆ ತಿಳಿಸಿದರು: ಕೈಯ ನಾಳ ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ, ಕಾಲಿನದು ಬೇಗ ಕಟ್ಟಿಕೊಳ್ಳಬಹುದು. ಎಡಗೈಯದನ್ನು ತೆಗೆದರೆ ಕೈಗೆ ಅಪಾಯವಿಲ್ಲ, ಆದರೆ ಕೆಲವರಿಗೆ ಹೆಬ್ಬೆರಳ ಹಿಂಭಾಗ ಜೋಮು ಹಿಡಿದು ಹಾಗೇ ಉಳಿಯುತ್ತದೆ.

"ಕಾಲಿಂದೇ ತಗೊಳಿ ಸಾ. ಬೆರಳಿಗೆ ಗೊತ್ತಾಗ್ದೆ ಹೋದ್ರೆ ನಾನೇನ್ ಕಡೀಲಿ?"

ಮಾರನೆಯ ದಿನ ಕಾಲಿನ ಬಳಿ ನಿಂತೆ. ನಾಳವನ್ನು ಚಿಮಟದಲ್ಲಿ ಹಿಸುಕಬಾರದು, ಎಳೆಯಬಾರದು. ಸಣ್ಣ ಕವಲುಗಳನ್ನು ಒಂದೊಂದಾಗಿ ಕಟ್ಟುತ್ತ ಬಿಡಿಸಬೇಕು. ಅದರೊಳಗಿನ ಕವಾಟಗಳು ಒಂದೇ ದಿಕ್ಕಿಗೆ ತೆರೆಯುವುದರಿಂದ ಜೋಡಿಸುವಾಗ ತಿರುಗಿಸಿ ಹೊಲಿಯುತ್ತಾರೆ. ಅಂದು ನನ್ನ ಕೈ ಎಂದಿಗಿಂತ ನಿಧಾನವಾಗಿತ್ತು. ನಾನು ಆ ಪ್ರಶ್ನೆ ಕೇಳದಿದ್ದರೆ ಆ ಮನುಷ್ಯನಿಗೆ ಹೆಚ್ಚು ಬಾಳುವ ನಾಳ ಸಿಗುತ್ತಿತ್ತು ಎಂಬುದು ತಲೆಯಿಂದ ಹೋಗಲಿಲ್ಲ. ಊಟದ ಹೊತ್ತಿನಲ್ಲಿ ಜೊತೆಯವಳೊಬ್ಬಳಿಗೆ ಹೇಳಿದೆ. "ಆಯ್ಕೆ ಅವರದು, ನಿನಗ್ಯಾಕೆ?" ಎಂದು ಡಬ್ಬಿ ಮುಚ್ಚಿ ಎದ್ದಳು. ನಿಜವೇ. ಆದರೂ ಮನೆಗೆ ಹೋಗಿ ಅನ್ನಕ್ಕಿಟ್ಟವಳು ಕುಕ್ಕರ್ ಕೂಗಿದ್ದನ್ನೂ ಕೇಳಿಸಿಕೊಳ್ಳದೆ ಕೂತಿದ್ದೆ.

ಮೂರು ತಿಂಗಳಿಗೆ ಅವರು ತಪಾಸಣೆಗೆ ಬಂದರು. ಸರ್ಜನ್‌ಗೆ ಅರಗಿನ ಬಣ್ಣ ಹಚ್ಚಿದ ಒಂದು ಜೋಡಿ ಬೊಂಬೆ ಕೊಟ್ಟು, ಕೈ ಮುಗಿದು ಅತ್ತರು. ನಾನು ಬಾಗಿಲ ಬಳಿ ಫೈಲುಗಳನ್ನು ಹಿಡಿದು ನಿಂತಿದ್ದೆ. ಹೊರಬಂದವರು ನನ್ನನ್ನೇ ಕೇಳಿದರು: "ಔಷಧಿ ಅಂಗ್ಡಿ ಎತ್ಲಾಗವ್ವ?"

ಅಂದು ವಾರ್ಡಿಗೆ ಹೋದಾಗ ನನ್ನ ಮುಖಕ್ಕೆ ಮಾಸ್ಕ್ ಇತ್ತು. ಗುರುತು ಸಿಗದಿದ್ದುದರಲ್ಲಿ ಅವರ ತಪ್ಪೇನೂ ಇಲ್ಲ.

ಜೊತೆಯಲ್ಲಿ ನಡೆಯುತ್ತ ಕೇಳಿದೆ, "ಕೆಲಸ ಶುರು ಮಾಡಿದ್ರಾ? ಕಾಲು ಊದುತ್ತಾ?"

"ಒಸಿ ಊತ ಐತೆ, ಸಂಜೆ ಹೊತ್ಗೆ. ಅರ್ಧ ದಿನ ಕೂತ್ಕತೀನಿ ಲೇತಿಗೆ. ಕೈ ಚೆಂದಾಗಿ ಓಡ್ತದೆ." ಆಮೇಲೆ ನಿಂತು ನನ್ನ ಮುಖ ನೋಡಿದರು. "ನೀನೂ ಡಾಕ್ಟ್ರಾ?"

"ಇಲ್ಲ, ಇಲ್ಲೇ ಕೆಲಸ ಮಾಡ್ತೀನಿ. ಕೂತಾಗ ಕಾಲು ಎತ್ತರದಲ್ಲಿಡಿ."

ಉಳಿ ಯಾವ ಕೈಲಿ ಎಂದು ಕೇಳಿದವಳು ನಾನೇ ಎಂದು ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವರು ಕೈ ಮುಗಿಯುತ್ತಿದ್ದರು. ನಾನು ಮಾಡಿದ್ದು ಸರಿಯೆಂದು ಅವರ ಬಾಯಿಂದಲೇ ಹೇಳಿಸಿಕೊಂಡಂತೆ ಆಗುತ್ತಿತ್ತು. ಆ ನಾಳ ಎಷ್ಟು ವರ್ಷ ಬಾಳುತ್ತದೋ ಇಬ್ಬರಿಗೂ ಗೊತ್ತಿರಲಿಲ್ಲ. ಔಷಧಿ ಅಂಗಡಿಯ ಸಾಲಿನಲ್ಲಿ ಅವರನ್ನು ನಿಲ್ಲಿಸಿ ಹಿಂತಿರುಗಿದೆ. ಮುಂದಿನ ಶಸ್ತ್ರಚಿಕಿತ್ಸೆಗೆ ರೋಗಿಯ ಕಾಲು ತೊಳೆಯುವುದಿತ್ತು.